ಸತ್ಕಾರದೊಳಗೆ ಕರಗಿದ ಬರ್ಫ

ಇಂದೂಗೆ ಸಿಟ್ಟು ಬರಲು ದೊಡ್ಡ ಕಾರಣವೇನೂ ಬೇಕಾಗಿರಲಿಲ್ಲ. ಗೌಳಿ ಹಾಲಿಗೆ ನೀರು ಬೆರೆಸಿದರೆ ಬರುತ್ತಿತ್ತು, ಸೊಸೈಟಿಯ ಮೂಲೆ ಮನೆಯವರು ಸ್ಕೂಟರ್ ನಿಲ್ಲಿಸುವ ಜಾಗ ನುಂಗಿದರೆ ಬರುತ್ತಿತ್ತು, ಯಾರೂ ಏನೂ ಮಾಡದೆ ಸುಮ್ಮನೆ ಕೂತರೆ ಅದಕ್ಕೂ ಬರುತ್ತಿತ್ತು. "ನಮ್ಮ ಮನಿ ಸ್ಟೋವಿಗೆ ಪಂಪ್ ಹೊಡ್ಯೂದು ಬ್ಯಾಡ, ತಾನಽ ಹತ್ತತದ" ಎಂದು ಗಂಡ ಪ್ರಲ್ಹಾದ ನೆಂಟರ ಮುಂದೆ ನಗೆಯಾಡುತ್ತಿದ್ದ. ಆದರೆ ಆ ವರ್ಷ, ತೊಂಬತ್ತೇಳರ ಚಳಿಗಾಲದಲ್ಲಿ, ಅವಳ ಸಿಟ್ಟಿಗೆ ನ್ಯಾಯವಾದ ಕಾರಣವಿತ್ತು. ಕೇಳಿದವರಿಗೂ ಸಿಟ್ಟು ಬರಬೇಕು. ಬರದಿದ್ದರೆ ಅವರು ಒಮ್ಮೆ ಡಾಕ್ಟರರ ಹತ್ತಿರ ಹೋಗಿಬರುವುದು ಒಳ್ಳೆಯದು.

ಅವಳು ಪುಣೆಯ ಪೇಠೆಯೊಳಗಿನ ಒಂದು ಸಣ್ಣ ಕನ್ನಡ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದಳು. ಒಂದು ಕಾಲಕ್ಕೆ ಆ ಶಾಲೆಯ ತುಂಬ ಧಾರವಾಡ, ಬೆಳಗಾವಿಯಿಂದ ಬಂದ ಗುಮಾಸ್ತರ, ಮಾಸ್ತರರ ಮಕ್ಕಳೇ ಇದ್ದರು. ಆಮೇಲೆ ಆ ಮಂದಿಯೆಲ್ಲ ತಮ್ಮ ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಹಾಕಿದರು. ಇಂದೂ ಕೂಡ ಮಗ ಸಾತ್ವಿಕನನ್ನು ಅಲ್ಲಿಗೇ ಹಾಕಿದ್ದಳು, ಆ ಮಾತು ಯಾರಾದರೂ ಎತ್ತಿದರೆ ಅದಕ್ಕೂ ಸಿಟ್ಟು ಬರುತ್ತಿತ್ತು. ಈಗ ಬೆಂಚುಗಳ ಮೇಲೆ ಕೂತವರು ಯಾದಗಿರಿ, ಶಹಾಪುರ, ಸುರಪುರದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳು. ಹಡಪಸರದ ಶೆಡ್ಡುಗಳಿಂದ ಬಸ್ಸಿನಲ್ಲಿ ಜೋತಾಡುತ್ತ ಬರುತ್ತಿದ್ದರು. ಅಲ್ಲಿ ಶಿಕ್ಷಕಿಯನ್ನು ಟೀಚರ್ ಅನ್ನುವ ರೂಢಿ ಇರಲಿಲ್ಲ. ಎಲ್ಲರಿಗೂ ಅವಳು 'ಬಾಯಾರು'.

ಏಳನೆಯ ತರಗತಿಯ ಪುಸ್ತಕದಲ್ಲಿ ವಾಯುರಾಶಿ ಮತ್ತು ವಾಯುಮುಖ ಎಂಬ ಪಾಠವಿತ್ತು. ಉದಾಹರಣೆಗೆ ಕೊಟ್ಟದ್ದೆಲ್ಲ ಕೆನಡಾದ ಹಿಮ, ಮೆಕ್ಸಿಕೋದ ಕೊಲ್ಲಿ. "ಹಡಪಸರದ ಹುಡುಗೂರಿಗೆ ಕೆನಡಾ ಯಾತಕ್ಕ ಬೇಕಪ್ಪಾ, ಕಟಗೊಂಡು ಏನ್ ಮಾಡ್ಯಾವು!" ಎಂದು ಗೊಣಗಿ, ಇಂದೂ ಪುಸ್ತಕ ಮುಚ್ಚಿ ಬಾಯಲ್ಲೇ ಹೇಳತೊಡಗಿದಳು.

"ಗಾಳಿ ಒಂದಽ ಕಡೆ ಭಾಳ ದಿನಾ ಕೂತ್ರ ಆ ಜಾಗಾದ ಗುಣಾ ಹಿಡೀತದ. ಅರಬಿ ಸಮುದ್ರದ ಮ್ಯಾಲೆ ಕೂತದ್ದು ತೇವಾ ಹಿಡೀತದ. ರಾಜಸ್ಥಾನದ ಉಸುಕಿನ ಮ್ಯಾಲೆ ಕೂತದ್ದು ಒಣಗತದ. ಹಿಂಗ ಒಂದಽ ಗುಣಾ ಹಿಡಿದ ಗಾಳಿಯ ದೊಡ್ಡ ರಾಶಿಗೆ ವಾಯುರಾಶಿ ಅಂತಾರ."

"ನಮ್ಮಂಗಽ ರೀ ಬಾಯಾರ," ಎಂದಳು ಎರಡನೆಯ ಬೆಂಚಿನ ಭುವನೇಶ್ವರಿ. "ನಾವೂ ಪುಣಾದಾಗ ಕುಂತು ಕುಂತು ಚಾದ ಜೋಡಿ ಪಾವ್ ತಿನ್ನಲತ್ತೀವಿ."

ತರಗತಿಯೆಲ್ಲ ನಕ್ಕಿತು. ಇಂದೂ ಕೂಡ ನಕ್ಕಳು. ಈ ಹುಡುಗಿಯ ಬಾಯಿ ಕಂಡರೆ ಅವಳಿಗೆ ಪ್ರೀತಿ, ಜೊತೆಗೆ ಸ್ವಲ್ಪ ಹೆದರಿಕೆ.

"ಎರಡು ವಾಯುರಾಶಿ ಎದುರಾಬದುರಾ ಬಂದ್ರ ಏನಾಗ್ತದ? ಲಗೂನ ಕೂಡೂದಿಲ್ಲ. ಅವುಗಳ ನಡುವ ಒಂದು ಗೆರಿ ಬೀಳ್ತದ, ಅದಽ ವಾಯುಮುಖ. ತಣ್ಣನ್ನ ಗಾಳಿ ಭಾರ, ಬೆಚ್ಚನ್ನ ಗಾಳಿ ಹಗರ. ತಣ್ಣಂದು ಬೆಚ್ಚಂದರ ಬುಡಕ್ಕ ನುಗ್ಗಿ ಅದನ್ನ ಮ್ಯಾಲೆ ಎತ್ತತದ. ಮ್ಯಾಲೆ ಹೋದ ಗಾಳಿ ಆರಿ ಮೋಡ ಆಗ್ತದ. ಗುಡುಗು, ಮಳಿ, ಆಣೆಕಲ್ಲು ಎಲ್ಲಾ ಅಲ್ಲೇ. ಖರೇ ಅಂದ್ರ ಇಂಥಾ ಮುಖ ಥಂಡ್ಯಾಗ ಪಂಜಾಬ, ಕಾಶ್ಮೀರದ ಕಡೆ ಬರತಾವ. ನಮ್ಮ ಪುಣೆಕ್ಕ ಅವುಗಳ ಬಾಲ ಅಷ್ಟಽ ಬಡೀತದ. ಒಮ್ಮಿಂದೊಮ್ಮೆಲೆ ಸ್ವೆಟರ್ ತಗೀಬೇಕಾಗ್ತದಲ್ಲಾ, ಅದು."

"ಜ್ಯಾಕ್ ಹಚ್ಚಿ ಸೆಂಟ್ರಿಂಗ್ ಎತ್ತಿದಂಗ ಆತ್ರಿ," ಎಂದಳು ಭುವನೇಶ್ವರಿ. ಅವಳ ಅಪ್ಪ ಹಣಮಂತ್ರಾಯ ಸೆಂಟ್ರಿಂಗ್ ಕೆಲಸದವನು, ಸ್ಲ್ಯಾಬಿನ ಕೆಳಗೆ ಹಲಗೆ, ಜ್ಯಾಕು ನಿಲ್ಲಿಸುವವನು.

ಅದೇ ವಾರ ಎರಡು ಸುದ್ದಿ ಬಂದವು. ಮೊದಲನೆಯದು ಕೆಟ್ಟದ್ದು. ಹಣಮಂತ್ರಾಯನನ್ನು ಕೆಲಸಕ್ಕೆ ಹಚ್ಚಿದ ಮುಕಾದಮ ಇಡೀ ತಂಡವನ್ನು ಬಾರಾಮತಿಗೆ ಒಯ್ಯುತ್ತಾನಂತೆ, ಅಲ್ಲಿ ಸಕ್ಕರೆ ಗೋದಾಮು ಕಟ್ಟುವುದಿದೆಯಂತೆ. ತಂಡ ಹೋದರೆ ಭುವನೇಶ್ವರಿಯೂ ಹೋಗಬೇಕು. ಕಬ್ಬಿನ ಹೊಲದ ನಡುವೆ ಯಾವ ಕನ್ನಡ ಶಾಲೆ ಇರುತ್ತದೆ? ಅಲ್ಲಿಗೆ ಓದು ಮುಗಿಯಿತು. ಎರಡನೆಯ ಸುದ್ದಿ ಒಳ್ಳೆಯದು. ಊರಿನ ಒಂದು ಶಿಕ್ಷಣ ಪ್ರತಿಷ್ಠಾನ ಶಾಲೆಗಳಿಗೆಲ್ಲ ವಿಜ್ಞಾನ ಪ್ರದರ್ಶನ ಇಟ್ಟಿತ್ತು. ಅದರಲ್ಲಿ ಗೆದ್ದ ಹುಡುಗಿಗೆ ಹತ್ತನೆಯ ತರಗತಿ ಮುಗಿಯುವವರೆಗೆ ಪ್ರತಿಷ್ಠಾನದ ಹಾಸ್ಟೆಲಿನಲ್ಲಿ ಊಟ, ವಸತಿ. ಯಾವ ಭಾಷೆಯ ಶಾಲೆಯಾದರೂ ಬರಬಹುದು.

ಇಂದೂ ಸೆರಗು ಬಿಗಿದು ನಿಂತಳು.

ಶಾಲೆಯ ಅಟ್ಟದ ಮೇಲೆ ಮೀನು ಸತ್ತು ಎಷ್ಟೋ ಕಾಲವಾದ ಒಂದು ಗಾಜಿನ ತೊಟ್ಟಿ ಇತ್ತು. ಅದನ್ನು ಇಳಿಸಿ ತಿಕ್ಕಿದರು. ನಡುವೆ ನಿಲ್ಲಿಸಲು ಹಣಮಂತ್ರಾಯ ಪ್ಲೈವುಡ್ಡಿನ ಹಲಗೆ ಕೊಯ್ದು, ಅಂಚಿಗೆ ಸೈಕಲ್ ಟ್ಯೂಬು ಸುತ್ತಿ ಕೊಟ್ಟ. ಒಂದು ಹನಿಯೂ ಆಚೆ ಹೋಗುವಂತಿರಲಿಲ್ಲ. ಹಲಗೆಯ ಒಂದು ಬದಿಗೆ ಬಿಸಿನೀರು, ಅದಕ್ಕೆ ಜಿಲೇಬಿಗೆ ಹಾಕುವ ಕೆಂಪು ಬಣ್ಣ. ಇನ್ನೊಂದು ಬದಿಗೆ ಬರ್ಫ ಹಾಕಿ ತಣ್ಣಗೆ ಮಾಡಿದ ನೀರು, ಅದಕ್ಕೆ ಬಟ್ಟೆಯ ನೀಲಿ. ಮೊದಲ ಸಲ ಹಲಗೆ ಎತ್ತಿದಾಗ ನೀಲಿ ನೀರು ನಾಲಿಗೆ ಚಾಚಿದ ಹಾಗೆ ಕೆಂಪಿನ ಬುಡಕ್ಕೆ ಹರಿಯಿತು, ಕೆಂಪು ಮೇಲೆದ್ದು ಹಾಸಿಕೊಂಡಿತು, ನಡುವೆ ಚಾಕುವಿನಿಂದ ಕೊಯ್ದಂಥ ಗೆರೆ. ಮಕ್ಕಳು ಕೂಗಿದ ಕೂಗಿಗೆ ಹೆಡ್‌ಮಾಸ್ತರರು ಓಡಿ ಬಂದರು. ಇಂದೂಗೆ ಕಣ್ಣು ತುಂಬಿತು. ಗಾಳಿಯ ಈ ಆಟವನ್ನು ಇಷ್ಟು ವರ್ಷ ಕಲಿಸಿದರೂ ಅವಳು ಕಣ್ಣಾರೆ ನೋಡಿದ್ದು ಅಂದೇ.

"ನೋಡು ಭುವನಾ," ಎಂದು ಅವಳು ತಯಾರಿ ಮಾಡಿಸುವಾಗ ಹೇಳಿದಳು, "ಅಲ್ಲೆ ನಿನ್ನ ಸೈಟಿನ ಮರಾಠಿ ತಗೀಬ್ಯಾಡ. ಅದು ಭಾಳ ಒರಟ ಅದ, ದೊಡ್ಡ ಮಂದಿ ಬಂದಿರ್ತಾರ. ಸ್ವಚ್ಛ ಕನ್ನಡದಾಗ ಹೇಳು. ನಾ ಛಂದ ಮರಾಠಿ ಮಾಡಿ ಹೇಳ್ತೀನಿ."

"ಹೂಂನ್ರಿ," ಎಂದಳು ಹುಡುಗಿ. ಈ 'ಹೂಂನ್ರಿ' ಮುಂದೆ ಎಷ್ಟು ತುಟ್ಟಿಯಾಗುವುದೆಂದು ಇಬ್ಬರಿಗೂ ಗೊತ್ತಿರಲಿಲ್ಲ.

ಪ್ರದರ್ಶನ ಒಂದು ಮಂಗಲ ಕಾರ್ಯಾಲಯದಲ್ಲಿತ್ತು. ಮದುವೆಯ ಮಂಟಪವನ್ನೇ ವೇದಿಕೆ ಮಾಡಿದ್ದರು, ಊಟದ ಕೋಣೆಯಲ್ಲಿ ಮೇಜು ಜೋಡಿಸಿದ್ದರು. ಇಂದೂ ಮತ್ತು ಭುವನೇಶ್ವರಿ ಮೂಲೆಯ ಕಬ್ಬಿನ ಹಾಲಿನ ಅಂಗಡಿಯವನಿಂದ ಬರ್ಫ ತಂದಿದ್ದರು, ಮನೆಯಿಂದ ಥರ್ಮಾಸಿನಲ್ಲಿ ಬಿಸಿನೀರು. ಎದೆಗೆ ರಿಬ್ಬನ್ ಸಿಕ್ಕಿಸಿಕೊಂಡ ಒಬ್ಬ ಕಾರ್ಯಕರ್ತ ಬಂದು, "ಪರೀಕ್ಷಕರು ಬಂದೇಬಿಟ್ಟರು, ತಯಾರಾಗಿ" ಎಂದು ಅವಸರ ಮಾಡಿದ. ತಂದ ಬರ್ಫವನ್ನೆಲ್ಲ ನೀರಿಗೆ ಹಾಕಿ, ಬಿಸಿನೀರು ಸುರಿದು, ತಾಯಿ ಮಗಳಂತೆ ಎರಡೂ ಕಡೆ ನಿಂತರು.

ಪರೀಕ್ಷಕರು ಬರಲಿಲ್ಲ. ಬಂದದ್ದು ಘೋಷಣೆ. ಮುಖ್ಯ ಅತಿಥಿ ಸಾಹೇಬರು ದಾರಿಯಲ್ಲಿದ್ದಾರೆ, ಅವರು ಬಂದು ದೀಪ ಹಚ್ಚಿದ ಮೇಲೆಯೇ ಪರೀಕ್ಷೆ, ಅಲ್ಲಿಯವರೆಗೆ ಯಾರೂ ಮೇಜು ಬಿಟ್ಟು ಕದಲಬಾರದು. ಸಾಹೇಬರು ಬಹಳ ಹೊತ್ತಿನ ಮೇಲೆ ಬಂದರು. ಬಂದ ಮೇಲೆ ಸತ್ಕಾರ ಶುರುವಾಯಿತು. ಸತ್ಕಾರವೆಂದರೆ ಪುಣೆಯಲ್ಲಿ ಸಣ್ಣ ಮಾತಲ್ಲ. ಒಬ್ಬೊಬ್ಬರಿಗೂ ಶಾಲು, ತೆಂಗಿನಕಾಯಿ, ಹೂಗುಚ್ಛ, ಹೊಗಳಿಕೆ. ಸಾಹೇಬರಿಗಾಯಿತು, ಸಾಹೇಬರನ್ನು ಕರೆತಂದವರಿಗಾಯಿತು, ಕಾರ್ಯಾಲಯದ ಮಾಲೀಕನಿಗಾಯಿತು, ಮೈಕಿನವನಿಗೂ ಆಯಿತು. ಸತ್ಕಾರ ಮಾಡಿದವರಿಗೆ ಸತ್ಕಾರ ಮಾಡಿದರು. ಇನ್ನು ಉಳಿದದ್ದು ಮೇಜುಗಳು ಮಾತ್ರ.

"ಬಾಯಾರ," ಭುವನೇಶ್ವರಿ ಸೆರಗು ಜಗ್ಗಿದಳು. "ಬರ್ಫ ಕರಗಲತ್ತದ್ರಿ. ಬಿಸಿನೀರೂ ಆರಲತ್ತದ. ಹೊರಗ ಕಬ್ಬಿನ ಹಾಲಿನ ಅಣ್ಣನ ಬಲ್ಲಿ ಓಡಿ ಹೋಗಿ ಬ್ಯಾರೆ ತರ್ಲೇನ್ರಿ?"

"ಸುಮ್ಮನ ನಿಂದ್ರು. ಸಾಹೇಬ್ರು ಭಾಷಣಾ ಮಾಡ್ಲಿಕ್ಕತ್ತಾರ. ನಡುವ ಎದ್ದು ಹೋದ್ರ ಛಂದ ಕಾಣ್ತದೇನು?"

ಹುಡುಗಿ ತೊಟ್ಟಿಯನ್ನೇ ನೋಡುತ್ತ ನಿಂತಳು. ಬರ್ಫದ ತುಂಡುಗಳು ಚಿಕ್ಕವಾದವು, ಚೂರಾದವು, ಕಾಣದಾದವು. ಸಾಹೇಬರು ವಿಜ್ಞಾನದ ಮಹತ್ವ ಹೇಳುತ್ತಲೇ ಇದ್ದರು. ಇಂದೂಗೂ ಒಳಗೊಳಗೆ ಕುದಿಯುತ್ತಿತ್ತು. ಆದರೆ ಸಭೆಯಲ್ಲಿ ಕುದಿಯುವುದಕ್ಕೂ ಒಂದು ಮರ್ಯಾದೆ ಇದೆಯೆಂದು ಅವಳನ್ನು ಬೆಳೆಸಿದ್ದರು.

ಕೊನೆಗೆ ಪರೀಕ್ಷಕರು ಬಂದರು. ಅವರ ಮುಂದಾಳು ನಿವೃತ್ತ ಪ್ರೊಫೆಸರ್ ಸದಾನಂದರಾಯರು. ಅವರನ್ನು ಕಂಡು ಇಂದೂಗೆ ಜೀವ ಬಂದಂತಾಯಿತು. ಸದಾನಂದರಾಯರು ಬೇರೆ ಯಾರೂ ಅಲ್ಲ, ಧಾರವಾಡದಲ್ಲಿ ಅವಳ ತವರಿನ ಓಣಿಯವರೇ. ಯುಗಾದಿಗೆ ಕನ್ನಡದವರೆಲ್ಲ ಕೂಡಿ ಊಟ ಮಾಡುವಾಗ ಮೊದಲ ಪಂಕ್ತಿಯಲ್ಲಿ ಕೂತು, "ಕಟ್ಟಿನ ಸಾರು ಇನ್ನೊಮ್ಮೆ ಬರ್ಲಿ" ಎನ್ನುವವರು. ಆದರೆ ಇಲ್ಲಿ ಅವರ ಮುಖದಲ್ಲಿ ಓಣಿಯ ಗುರುತೇ ಇರಲಿಲ್ಲ. ಹೊರಗೆ ಕಾಲಿಟ್ಟ ಕೂಡಲೆ ಅವರು ಪೂರ್ತಿ ಮರಾಠಿ. ಅದರಲ್ಲೇನೂ ತಪ್ಪಿಲ್ಲ, ಪುಣೆಯ ಕನ್ನಡದವರೆಲ್ಲ ಹಾಗೆಯೇ. ಇಂದೂ ಸಹ ಹೊಸ್ತಿಲು ದಾಟಿದರೆ ಹಾಗೆಯೇ.

ಭುವನೇಶ್ವರಿ ಕಲಿತದ್ದನ್ನು ಸ್ವಚ್ಛ ಕನ್ನಡದಲ್ಲಿ ಹೇಳಿದಳು. ಇಂದೂ ಸಾಲು ಸಾಲಿಗೂ ಮರಾಠಿ ಮಾಡಿದಳು. ಹುಡುಗಿ ಹಲಗೆ ಎತ್ತಿದಳು.

ನೀಲಿ ಯಾರ ಬುಡಕ್ಕೂ ಹೋಗಲಿಲ್ಲ. ಕೆಂಪು ಯಾರ ಮೇಲೂ ಏರಲಿಲ್ಲ. ಎರಡೂ ಅಲ್ಲಲ್ಲೇ ಸುತ್ತಾಡಿ ಕೂಡಿಕೊಂಡವು. ತೊಟ್ಟಿಯ ತುಂಬ ನೇರಳೆ ಹಣ್ಣಿನ ಬಣ್ಣದ ರಾಡಿ.

ಒಬ್ಬ ಪರೀಕ್ಷಕ ನಕ್ಕ. ಸದಾನಂದರಾಯರು ಕನ್ನಡಕ ಸರಿಮಾಡಿಕೊಂಡರು.

ಆಗ ಭುವನೇಶ್ವರಿ, ಕಲಿಸದ ಮಾತು ಹೇಳಿದಳು. "ತಪ್ಪು ನಮ್ದಲ್ರಿ ಸರ್. ನೀವು ಶಾಲು ಹೊಚ್ಚೂದ್ರಾಗ ಹೊತ್ತು ಕಳದ್ರಿ, ಅಟ್ರಾಗ ನಮ್ಮ ಬರ್ಫ ಕರಗಿ ಹೋಯ್ತು. ಎರಡೂ ನೀರು ಒಂದಽ ಆದ್ವು. ಫರಕ್ ಇಲ್ದ ಕಡೆ ಮುಖ ಹ್ಯಾಂಗ ಹುಟ್ಟತದ್ರಿ? ಬರ್ಫ ಕೊಡ್ರಿ, ಈಗಽ ಮಾಡಿ ತೋರಿಸ್ತೀನಿ."

ಇದಕ್ಕಿಂತ ಸರಿಯಾದ ವಿಜ್ಞಾನವನ್ನು ಆ ದಿನ ಆ ಕಾರ್ಯಾಲಯದಲ್ಲಿ ಯಾರೂ ಆಡಲಿಲ್ಲ. ಸದಾನಂದರಾಯರ ಕಿವಿ ಕೆಂಪಾಯಿತು. ಒಂದೊಂದು ಅಕ್ಷರವೂ ತಿಳಿದಿತ್ತು ಅವರಿಗೆ. ಆದರೂ ಇಂದೂವಿನ ಕಡೆ ತಿರುಗಿ ಮರಾಠಿಯಲ್ಲಿ ಕೇಳಿದರು:

"ಕಾಯ್ ಮ್ಹಣತೇ ತೀ?" ಏನನ್ನುತ್ತಾಳೆ ಅವಳು?

ಇಂದೂ ಬಾಯಿ ತೆರೆದಳು. ಸುತ್ತ ಬೇರೆ ಶಾಲೆಯ ಶಿಕ್ಷಕಿಯರು, ರೇಷ್ಮೆ ಸೀರೆಯ ತಾಯಂದಿರು, ಶಾಲು ಹೊದ್ದ ದೊಡ್ಡವರು. ಅವಳ ಬಾಯಿಂದ ಬಂದದ್ದು ಇಷ್ಟು, ಅದೂ ಛಂದದ ಮರಾಠಿಯಲ್ಲಿ: "ಸ್ವಲ್ಪ ತಪ್ಪಾಯಿತು, ಕ್ಷಮಿಸಿರಿ ಅನ್ನುತ್ತಿದ್ದಾಳೆ ಸರ್. ಮುಂದಿನ ಸಲ ಇನ್ನೂ ಚೆನ್ನಾಗಿ ಮಾಡುತ್ತಾಳಂತೆ."

"ಛಾನ್, ಛಾನ್. ಪ್ರಯತ್ನ ಮುಖ್ಯ," ಎಂದು ಸದಾನಂದರಾಯರು ಹಗುರಾಗಿ ಮುಂದೆ ಹೋದರು. ಪಕ್ಕದ ಮೇಜಿನ ಮೇಲೆ ಸಪ್ನಾ ಎಂಬ ಹುಡುಗಿಯ ಜ್ವಾಲಾಮುಖಿ ಬುಸುಬುಸು ನೊರೆ ಉಕ್ಕಿಸುತ್ತಿತ್ತು. ಸೋಡಾ ಪುಡಿಗೆ ಬೇಕಾದಾಗ ವಿನೆಗರ್ ಹಾಕಿದರಾಯಿತು, ಅದಕ್ಕೆ ಯಾರ ಭಾಷಣದ ಭಯವೂ ಇಲ್ಲ. ಎಲ್ಲರೂ ಚಪ್ಪಾಳೆ ಹೊಡೆದರು.

ಭುವನೇಶ್ವರಿ ಅಳಲಿಲ್ಲ. ಇಂದೂವಿನ ಮುಖವನ್ನು ಒಮ್ಮೆ ನೋಡಿದಳು, ಅಷ್ಟೇ. ಹಡಪಸರದ ಸೈಟಿನಲ್ಲಿ ಬೆಳೆದ ಹುಡುಗಿಗೆ ಮರಾಠಿ ಬಾರದೇ?

ಬಹುಮಾನ ಅಲ್ಲೇ ಸಾರಿದರು. ಮೊದಲನೆಯದು ಜ್ವಾಲಾಮುಖಿಗೆ. ಸಪ್ನಾಳ ತಾಯಿ ಹಾಸ್ಟೆಲಿನ ಮಾತು ಕೇಳಿ, "ಅಯ್ಯೋ, ನಮ್ಮ ಹುಡುಗಿಗೆ ಹಾಸ್ಟೆಲ್ ಯಾಕೆ? ಬಂಗಲೆಯಲ್ಲಿ ಅವಳಿಗೇ ಬೇರೆ ಕೋಣೆ ಇದೆ" ಎಂದು ನಕ್ಕುಬಿಟ್ಟಳು. ರಿಬ್ಬನ್ನಿನ ಕಾರ್ಯಕರ್ತ ತಾನೂ ನಕ್ಕು, ಕಳೆದ ವರ್ಷವೂ ಹೀಗೇ ಆಯಿತು, ಆ ಹಾಸಿಗೆ ಖಾಲಿಯೇ ಇರುತ್ತದೆ ಎಂದ. ಹಲ್ಲಿದ್ದವನಿಗೆ ಕಡಲೆ ಇಲ್ಲ, ಕಡಲೆ ಇದ್ದವನಿಗೆ ಹಲ್ಲಿಲ್ಲ ಅನ್ನುವ ಗಾದೆಯನ್ನು ಇಂದೂ ನೂರು ಸಲ ಕೇಳಿದ್ದಳು, ಅದು ಮೈಗೆ ಬೆಂಕಿ ಹಚ್ಚಿದ್ದು ಅಂದೇ. ಪಿತ್ತ ನೆತ್ತಿಗೇರಿತು. ಸಾಹೇಬರನ್ನು ಬೈದಳು, ಶಾಲು ನೇಯ್ದವನನ್ನು ಬೈದಳು, ಸದಾನಂದರಾಯರ ಕಟ್ಟಿನ ಸಾರು ಅವರ ಮೈಗೆ ಹತ್ತದಿರಲಿ ಎಂದು ಬೈದಳು. ಎಲ್ಲ ಮನಸ್ಸಿನಲ್ಲೇ.

ಹೊರಗೆ ಗೇಟಿನ ಹತ್ತಿರ ಭುವನೇಶ್ವರಿಯ ತಾಯಿ ಮಾನಮ್ಮ ನಿಂತಿದ್ದಳು. ಅರ್ಧ ದಿನದ ಕೆಲಸ ಬಿಟ್ಟು, ಇಟ್ಟಿಗೆ ಹೊತ್ತ ತಲೆಯನ್ನು ತೊಳೆದು, ಇದ್ದುದರಲ್ಲೇ ಒಳ್ಳೆಯ ಸೀರೆ ಉಟ್ಟು ಬಂದಿದ್ದಳು. ಮಂಗಳವಾರ ಬಾರಾಮತಿಯ ಲಾರಿ. ಮಗಳ ಬಟ್ಟೆ ಗಂಟಿಗೆ ಕಟ್ಟಬೇಕೋ ಬೇಡವೋ ತಿಳಿದುಕೊಂಡು ಹೋಗಲು ಬಂದವಳು ಅವಳು. ಮಗಳು ನಡೆದದ್ದನ್ನೆಲ್ಲ ಹೇಳಿದಳು.

"ಎಂಥಾ ಅನ್ಯಾಯದ ಮಂದಿ ನೋಡ್ರಿ ಮಾನಮ್ಮಾ," ಎಂದು ಇಂದೂ ಕಟ್ಟೆಯೊಡೆದಳು. "ಹೊಟ್ಟಿ ಉರೀತದ ನಂದು. ಹಿಂಗೂ ಇರ್ತಾರೇನ್ರಿ ಜನಾ? ಒಂದು ಸಣ್ಣ ಹುಡುಗಿ ಖರೇ ಮಾತಾಡಿದ್ರ ತಿಳೀಲಾರದಂಗ ನಾಟಕಾ ಮಾಡ್ತಾರ!"

ಮಾನಮ್ಮ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಮೆಲ್ಲಗೆ ಕೇಳಿದಳು: "ಅವ್ರು ತಿಳೀಲಿಲ್ಲ ಅಂದ್ರು, ಇರ್ಲಿ ಬಾಯಾರ. ಅಕಿ ಅಂದಿದ್ದು ನೀವು ಅವ್ರಿಗಿ ಹೇಳಿದ್ರಿಲ್ರಿ?"

ಇಷ್ಟು ಹೊತ್ತು ಸಿಕ್ಕಸಿಕ್ಕವರ ಮೇಲೆಲ್ಲ ಹಾರುತ್ತಿದ್ದ ಸಿಟ್ಟು ಒಮ್ಮೆಲೆ ಹಿಂದೆ ತಿರುಗಿ ಇಂದೂವಿನ ಮೇಲೆಯೇ ಬಂತು. ನಾಚಿಕೆಯಾಯಿತು, ನಾಚಿಕೆಯಾದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು. ಮಾನಮ್ಮನ ಮುಖ ನೋಡಲಾಗದೆ ಬಗ್ಗಿ ಮಗಳ ಕಡೆ ನೋಡಿದಳು. ಮಗಳು ಅಲ್ಲಿರಲಿಲ್ಲ.

ಭುವನೇಶ್ವರಿ ಒಳಗಿದ್ದಳು. ನೇರಳೆ ನೀರನ್ನು ಹಿಂದಿನ ಮೋರಿಗೆ ಚೆಲ್ಲಿ, ಖಾಲಿ ತೊಟ್ಟಿಯನ್ನು ಮೇಜಿನ ಮೇಲಿಟ್ಟು, ಹಲಗೆ ನಿಲ್ಲಿಸಿ, ಅತಿಥಿಗಳ ತಂಪು ಬಾಟಲಿಗಳನ್ನು ಮುಳುಗಿಸಿಟ್ಟ ತಗಡಿನ ಟಬ್ಬಿಗೆ ಕೈ ಹಾಕಿದ್ದಳು. ರಿಬ್ಬನ್ನಿನವನು ಅವಳ ಮಣಿಕಟ್ಟು ಹಿಡಿದು, "ಏಯ್, ಇದು ಸಾಹೇಬರಿಗೆ ತರಿಸಿದ ಬರ್ಫ" ಎಂದು ಗದರುತ್ತಿದ್ದ.

"ಕೈ ಬಿಡ್ರಿ!" ಎಂದು ಇಂದೂ ಒಳಗೆ ನುಗ್ಗಿದಳು. ಇಡೀ ಕಾರ್ಯಾಲಯ ತಿರುಗಿ ನೋಡಿತು. ಅವಳು ಕೂಗಿದ್ದು ಕನ್ನಡದಲ್ಲಿ. ಆಮೇಲೆ ಮರಾಠಿಯಲ್ಲೂ ಕೂಗಿದಳು, ಅವನಿಗೆ ತಿಳಿಯಲಿ ಎಂದು. "ನಮ್ಮ ಬರ್ಫ ನಿಮ್ಮ ಸಾಹೇಬರ ಸಲುವಾಗಿ ಕರಗಿದೆ. ಈಗ ಸಾಹೇಬರ ಬರ್ಫ ನಮ್ಮ ಸಲುವಾಗಿ ಕರಗಲಿ."

ಅವನು ಕೈ ಬಿಟ್ಟ. ಮಾನಮ್ಮ ಯಾರನ್ನೂ ಕೇಳದೆ ಒಳಗೆ ಬಂದು, ಚಹಾದವನ ಒಲೆಯಿಂದ ಕುದಿಯುವ ನೀರಿನ ಪಾತ್ರೆಯನ್ನು ಸೆರಗಿನಿಂದ ಹಿಡಿದು ತಂದಳು. ತಣ್ಣೀರು ಬೆರೆಸಿ ಹದ ಮಾಡಿದರು. ಒಂದು ಬದಿ ಕೆಂಪು, ಒಂದು ಬದಿ ನೀಲಿ.

ಪೋಹೆಯ ತಟ್ಟೆ ಹಿಡಿದು ನಿಂತಿದ್ದ ಸದಾನಂದರಾಯರನ್ನು ಭುವನೇಶ್ವರಿ ಕೂಗಿ ಕರೆದಳು. "ಓ ಸರ್! ಇಕಡೆ ಬಗಾ ಕೀ!" ಇಲ್ಲಿ ನೋಡಿರಲ್ಲ! ಮೂರನೆಯ ಮಾಳಿಗೆಯಿಂದ ಕೆಳಗಿನವನಿಗೆ ಸಿಮೆಂಟು ಕೇಳುವ ಮರಾಠಿ ಅದು. ಅದರಲ್ಲೇ ಅವಳು ಶುರುಮಾಡಿದಳು. ಇದು ಉತ್ತರದ ಗಾಳಿ, ಥಂಡ, ಭಾರ. ಇದು ಇಲ್ಲಿಯ ಗಾಳಿ, ಬಿಸಿ, ಹಗುರ. ಆಗ ಎರಡೂ ಒಂದೇ ಆಗಿದ್ದವು, ಅದಕ್ಕೇ ಏನೂ ಆಗಲಿಲ್ಲ. ಲಿಂಗ ತಪ್ಪಿತು, ವಚನ ತಪ್ಪಿತು. ಪ್ರತಿ ತಪ್ಪಿಗೂ ಇಂದೂವಿನ ನಾಲಿಗೆ ತುರಿಸಿತು. ಅವಳು ತುಟಿ ಕಚ್ಚಿ ನಿಂತಳು. ತಪ್ಪು ಮರಾಠಿ ಎಲ್ಲರಿಗೂ ಸರಿಯಾಗಿ ತಿಳಿಯುತ್ತಿತ್ತು.

ಹುಡುಗಿ ಹಲಗೆ ಎತ್ತಿದಳು. ನೀಲಿ ಸರಸರನೆ ಬುಡಕ್ಕೆ ಹರಿಯಿತು. ಕೆಂಪು ಮೇಲೆದ್ದು ಹರಡಿತು. ನಡುವೆ ಗೆರೆ.

"ಅಯ್ಯ ಇದರ! ಹೆಂಗ ಬುಡಕ್ಕ ನುಗ್ತು ನೋಡ!" ಎಂದು ಸದಾನಂದರಾಯರು ಉದ್ಗರಿಸಿದರು.

ಅಚ್ಚ ಧಾರವಾಡದ ಕನ್ನಡ. ಮಾತು ಬಾಯಿಂದ ಹೋದ ಮೇಲೆ ಅವರಿಗೆ ಅದು ಕೇಳಿಸಿತು. ಪಕ್ಕದ ಪರೀಕ್ಷಕರು ಅವರನ್ನೇ ನೋಡುತ್ತಿದ್ದರು.

"ಕಾಕಾ," ಎಂದಳು ಇಂದೂ. "ಆವಾಗ ಈ ಹುಡುಗಿ ಕ್ಷಮಾ ಕೇಳಿದ್ದಿಲ್ಲ. ನಾ ಸುಳ್ಳು ಹೇಳಿದೆ. ನಿಮ್ಮ ಸತ್ಕಾರದಾಗ ನಮ್ಮ ಬರ್ಫ ಕರಗ್ತು, ತಪ್ಪು ನಮ್ದಲ್ಲ ಅಂದಿದ್ಲು. ಅದು ನಿಮಗ ಆಗಽ ತಿಳಿದಿತ್ತು. ನನಗೂ ತಿಳಿದಿತ್ತು. ನಾವಿಬ್ರೂ ದೊಡ್ಡವರು ಕೂಡಿ ಒಂದು ಸಣ್ಣ ಹುಡುಗಿ ಮಾತು ನುಂಗಿದ್ವಿ." ಇಷ್ಟು ಹೇಳಿ, ಸುತ್ತ ನಿಂತವರಿಗಾಗಿ ಅದನ್ನೇ ಮರಾಠಿಯಲ್ಲಿ ಹೇಳಿದಳು. ಈ ಸಲ ಛಂದ ಮಾಡಲಿಲ್ಲ.

ಸದಾನಂದರಾಯರು ತಟ್ಟೆ ಕೆಳಗಿಟ್ಟರು. ನಿಯಮ ಎಂದರು. ಬಹುಮಾನ ಸಾರಿ ಆಗಿದೆ ಎಂದರು. ಹಾಸ್ಟೆಲಿನ ಜಾಗ ಮೊದಲ ಬಹುಮಾನದವರಿಗೇ ಎಂದರು. ಆಗ ಸಪ್ನಾಳ ತಾಯಿ ಹಿಂದಿನಿಂದ, "ನಮಗೆ ಬೇಡವೇ ಬೇಡ ಎಂದೆನಲ್ಲ? ಹಾಸಿಗೆಯ ಮೇಲೆ ನಿಮ್ಮ ನಿಯಮವನ್ನೇ ಮಲಗಿಸುತ್ತೀರೇನು?" ಎಂದು ಕೇಳಿದಳು. ಯಾರೋ ನಕ್ಕರು. ಸದಾನಂದರಾಯರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು, ನಂತರ ತಗ್ಗಿದ ದನಿಯಲ್ಲಿ ಹೇಳಿದರು:

"ಸೋಮವಾರ ಹಾಸ್ಟೆಲಿಗೆ ಕರ್ಕೊಂಡು ಬಾ, ಇಂದೂ. ನಾ ಹೇಳಿಟ್ಟಿರ್ತೀನಿ."

ಕನ್ನಡದಲ್ಲಿಯೇ ಹೇಳಿದರು. ಅದು ಪ್ರೀತಿಯೋ, ಬೇರೆಯವರಿಗೆ ತಿಳಿಯದಿರಲೆಂಬ ಉಪಾಯವೋ, ಇಂದೂಗೆ ಗೊತ್ತಾಗಲಿಲ್ಲ. ಧನ್ಯವಾದ ಹೇಳಲು ಅವಳಿಗೆ ಮನಸ್ಸೂ ಬರಲಿಲ್ಲ.

ಸೋಮವಾರ ಮೂವರೂ ಹಾಸ್ಟೆಲಿಗೆ ಹೋದರು. ಮಾನಮ್ಮ ಬಟ್ಟೆಯ ಗಂಟು ಹಿಡಿದಿದ್ದಳು. ವಾರ್ಡನ್ ಹರಿಣಾಕ್ಷಿಬಾಯಿ ಉದ್ದನ್ನ ಜಡೆಯ, ಗಿಡ್ಡ ಮಾತಿನ ಮರಾಠಿ ಹೆಂಗಸು. ಖಾಲಿ ಹಾಸಿಗೆ ತೋರಿಸಿದರು, ಕಪಾಟಿನ ಕೀಲಿ ಕೊಟ್ಟರು. ಮಾನಮ್ಮ ಹಾಸಿಗೆಯನ್ನು ಕೈಯಿಂದ ಒತ್ತಿ ನೋಡಿ, ಗಂಟನ್ನು ಅದರ ಮೇಲಿಟ್ಟಳು. ಆಮೇಲೆ ವಾರ್ಡನ್ ನಿಯಮ ಹೇಳತೊಡಗಿದರು. ಬೆಳಕು ಹರಿಯುವ ಮುಂಚೆ ಏಳಬೇಕು. ಎಲ್ಲರಿಗೂ ತಣ್ಣೀರಿನ ಸ್ನಾನ, ಚಳಿಗಾಲದಲ್ಲೂ.

"ಆಗಲಿ, ಆಗಲಿ, ಹೊಂದಿಕೊಳ್ಳುತ್ತಾಳೆ," ಎನ್ನಲು ಇಂದೂ ಬಾಯಿ ತೆರೆದಳು. ಸಿಕ್ಕ ಜಾಗ ಕೈಬಿಟ್ಟು ಹೋದೀತು ಎಂಬ ಭಯ.

ಭುವನೇಶ್ವರಿ ಅವಳ ಸೆರಗು ಜಗ್ಗಿದಳು. "ಬಾಯಾರ, ನೀವು ಸುಮ್ಮನಿರ್ರಿ. ನಾ ಕೇಳ್ತೀನಿ."

ಕೇಳಿಯೇಬಿಟ್ಟಳು, ಅದೇ ಸೈಟಿನ ಮರಾಠಿಯಲ್ಲಿ. ಗಚ್ಚಿಯ ಮೇಲೆ ನೀರು ಕಾಯಿಸುವ ಬಂಬು ಕಂಡೆನಲ್ಲ, ಅದರ ನೀರು ಯಾರ ಸ್ನಾನಕ್ಕೆ? ಹುಡುಗಿಯರಿಗೆ ಬಿಸಿನೀರು ಯಾಕಿಲ್ಲ?

ಇಂದೂ ಗಾಬರಿಯಾದಳು. ಬಂದ ಮೊದಲ ದಿನವೇ ಇಂಥ ಮಾತೇ, ಇನ್ನೇನು ಗಂಟು ಎತ್ತಿಕೊಂಡು ಹೊರಡು ಅನ್ನುತ್ತಾರೆ! ಹರಿಣಾಕ್ಷಿಬಾಯಿ ಹುಡುಗಿಯನ್ನು ಮೇಲಿಂದ ಕೆಳಗೆ ನೋಡಿದರು. ಬಂಬು ಅವರ ಕೋಣೆಯದ್ದೇ ಇರಬೇಕು. ನಿಧಾನವಾಗಿ ಇಂದೂವಿನ ಕಡೆ ತಿರುಗಿದರು.

"ಕಾಯ್ ಮ್ಹಣತೇ ತೀ?"

ಇಂದೂ ಒಮ್ಮೆ ಮಾನಮ್ಮನನ್ನು ನೋಡಿದಳು, ಒಮ್ಮೆ ಹುಡುಗಿಯನ್ನು. ಹುಡುಗಿ ಅವಳ ಬಾಯಿಯನ್ನೇ ನೋಡುತ್ತಿದ್ದಳು.

"ಗಚ್ಚಿಯ ಮೇಲಿನ ಬಂಬಿನ ನೀರು ಯಾರ ಸ್ನಾನಕ್ಕೆ ಎಂದು ಕೇಳುತ್ತಿದ್ದಾಳೆ," ಎಂದಳು ಇಂದೂ, ಒಂದು ಅಕ್ಷರವನ್ನೂ ಬಿಡದೆ. "ಹುಡುಗಿಯರಿಗೆ ಬಿಸಿನೀರು ಯಾಕಿಲ್ಲ ಎಂದೂ ಕೇಳುತ್ತಿದ್ದಾಳೆ. ಉತ್ತರ ಅವಳಿಗೇ ಹೇಳಿರಿ."